ನೂರು ಮಿಲಿಲೀಟರ್ ವ್ಯಕ್ತಿತ್ವ

ಈಗ ವ್ಯಕ್ತಿತ್ವ 30, 50, 100 ಮಿಲಿಲೀಟರಿನ ಸೀಸೆಗಳಲ್ಲಿ ಸಿಗುತ್ತದೆ. ಹಿಂದೆಲ್ಲ ಅದನ್ನು ಸಂಪಾದಿಸಲು ಒಂದು ಆಯುಷ್ಯವೇ ಬೇಕಾಗುತ್ತಿತ್ತು. ನಾಲ್ಕಕ್ಷರ ಓದಬೇಕಿತ್ತು, ನಾಲ್ಕು ಜನರಿಂದ ಬೈಸಿಕೊಳ್ಳಬೇಕಿತ್ತು, ಒಂದೆರಡು ಸಲ ಕೈ ಸುಟ್ಟುಕೊಳ್ಳಬೇಕಿತ್ತು. ಈಗ ಮಾಲ್‌ನ ನೆಲಮಹಡಿಯಲ್ಲಿ ಗಾಜಿನ ಕಪಾಟಿನೊಳಗೆ ಸಾಲಾಗಿ ಜೋಡಿಸಿಟ್ಟಿದ್ದಾರೆ, ಕಂತಿನ ಸೌಲಭ್ಯವೂ ಉಂಟು.

ಅಲ್ಲಿ ಕಪ್ಪು ಅಂಗಿ ತೊಟ್ಟ ಹುಡುಗ ನಗುತ್ತಾ ಬಂದು, "ಸರ್, ನಿಮ್ಮ ಪರ್ಸನಾಲಿಟಿ ಯಾವ ಥರದ್ದು?" ಎಂದು ಕೇಳುತ್ತಾನೆ. ಹೆಣ್ಣು ನೋಡಲು ಹೋದ ಮನೆಯಲ್ಲೂ ಯಾರೂ ಇಷ್ಟು ನೇರವಾಗಿ ಕೇಳುವುದಿಲ್ಲ. ಅಲ್ಲಿ ಸಂಬಳ ಕೇಳಿ ಮುಗಿಸುತ್ತಾರೆ. ನೀವು ತಬ್ಬಿಬ್ಬಾಗಿ ನಿಂತರೆ ಅವನೇ ದಾರಿ ತೋರಿಸುತ್ತಾನೆ: "ಫ್ರೆಶ್ಶಾ, ವುಡೀನಾ, ಸ್ಪೈಸೀನಾ?" ಊಟದ ಹೊತ್ತು ಮೀರಿದ್ದರೆ ಬಾಯಿ ತಪ್ಪಿ ಸ್ಪೈಸಿ ಅಂದುಬಿಡುವ ಅಪಾಯವಿದೆ. ಉದ್ದನೆಯ ಕಾಗದದ ಪಟ್ಟಿಗೆ ಒಂದು ಸಲ ಚಿಮ್ಮಿಸಿ, ಎರಡು ಸಲ ಗಾಳಿಗೆ ಬೀಸಿ, ನಿಮ್ಮ ಮೂಗಿನ ಕೆಳಗೆ ಹಿಡಿಯುತ್ತಾನೆ. ಆಗ ನೀವು ಕಣ್ಣು ಅರ್ಧ ಮುಚ್ಚಿ, ತಾಳ ಗೊತ್ತಿಲ್ಲದವನು ಕಛೇರಿಯ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವ ಹಾಗೆ ತಲೆದೂಗಬೇಕು. "ಇದು ತುಂಬಾ ಕಾನ್ಫಿಡೆಂಟ್ ಆಗಿರೋರಿಗೆ ಸರ್" ಎನ್ನುತ್ತಾನೆ. ಬೆಲೆ ಹದಿನಾಲ್ಕು ಸಾವಿರ ಎಂದು ತಿಳಿದೊಡನೆ ನಿಮ್ಮ ಮುಖದಲ್ಲಿದ್ದ ಕಾನ್ಫಿಡೆನ್ಸು ಎಲ್ಲಿಗೆ ಹೋಯಿತೆಂದು ಅವನೂ ನೋಡುತ್ತಾನೆ. ಕೆಳಗಿನ ಸಾಲಿನಿಂದ ಇನ್ನೊಂದು ಸೀಸೆ ಹೊರಬರುತ್ತದೆ. "ಹಂಗಾದ್ರೆ ಇದು ಸರ್, ಸಿಂಪಲ್ ಪರ್ಸನಾಲಿಟಿಯವರಿಗೆ." ಅದು ಸಾವಿರದ ಎಂಟುನೂರು. ಮನುಷ್ಯನ ಸ್ವಭಾವವನ್ನು ಇಷ್ಟು ಚುರುಕಾಗಿ ಅಳೆಯುವ ವಿದ್ಯೆ ಮನೋವೈದ್ಯರಿಗೂ ಒಲಿದಿಲ್ಲ.

ಭಾನುವಾರದ ಪುರವಣಿಗಳಲ್ಲಿ ಇದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಗುಲಾಬಿ ಮೆಚ್ಚುವವಳು ಭಾವಜೀವಿ. ನಿಂಬೆ, ಕಿತ್ತಳೆ ಮೆಚ್ಚುವವನು ಉತ್ಸಾಹದ ಚಿಲುಮೆ. ವೆನಿಲ್ಲಾದವಳು ಮಮತಾಮಯಿ. ಒಬ್ಬರಿಗಾದರೂ ಒಂದು ಕೆಟ್ಟ ಗುಣ ಇದೆಯೇ, ಹುಡುಕಿ ನೋಡಿ. ಸೆಂಟು ಹಾಕುವವರಲ್ಲಿ ಜಿಪುಣರಿಲ್ಲ, ಚಾಡಿಕೋರರಿಲ್ಲ, ಕೈಸಾಲ ತಗೊಂಡು ಫೋನ್ ಎತ್ತದವರಂತೂ ಇಲ್ಲವೇ ಇಲ್ಲ.

ಶ್ರೀಗಂಧ ಮೆಚ್ಚುವವರ ಬಗ್ಗೆ ಈ ಶಾಸ್ತ್ರ ಹೇಳುವುದನ್ನು ಕೇಳಿ. ಪ್ರಕೃತಿಪ್ರಿಯರು. ಗದ್ದಲ ಒಗ್ಗದು, ಏಕಾಂತ ಬಯಸುತ್ತಾರೆ. ಆಪ್ತರು ಕೆಲವರೇ, ಆದರೆ ಪ್ರಾಣಕ್ಕೆ ಪ್ರಾಣ ಕೊಡುವಂಥವರು. ಕಲಾವಿದರ ಒಡನಾಟವೆಂದರೆ ಅಚ್ಚುಮೆಚ್ಚು. ಅಕ್ಷರಕ್ಷರವೂ ನಿಜ. ನಮ್ಮ ಕಾಲದಲ್ಲಿ ಶ್ರೀಗಂಧವನ್ನು ಎಲ್ಲರಿಗಿಂತ ಗಾಢವಾಗಿ ಹಚ್ಚಿಕೊಂಡಿದ್ದ ಮನುಷ್ಯ ಕಾಡು ಬಿಟ್ಟು ಬರುತ್ತಿದ್ದದ್ದೇ ಅಪರೂಪ, ಜನಸಂಪರ್ಕ ಇಟ್ಟುಕೊಳ್ಳಲಿಲ್ಲ, ಕೆಲವೇ ಕೆಲವು ಆಪ್ತರನ್ನು ನಂಬಿದ. 2000ನೇ ಇಸವಿಯಲ್ಲಿ ನಾಡಿನ ಅತಿ ದೊಡ್ಡ ಕಲಾವಿದರ ಒಡನಾಟವನ್ನು 108 ದಿನ ಬಯಸಿ ಪಡೆದ. ಅಷ್ಟು ದಿನ ಇಡೀ ಕರ್ನಾಟಕ ಉಸಿರು ಬಿಗಿಹಿಡಿದು ರೇಡಿಯೋ ಮುಂದೆ ಕೂತಿತ್ತು. ಆ ಶಾಂತಸ್ವಭಾವದವನ ಹೆಸರು ವೀರಪ್ಪನ್.

ಮನುಷ್ಯನನ್ನು ಬಿಡಿ, ಮರವನ್ನೇ ಕೇಳೋಣ. ಧ್ಯಾನ, ವೈರಾಗ್ಯ, ಅಂತರಂಗಶುದ್ಧಿ ಎಂದೆಲ್ಲ ಡಬ್ಬಿಯ ಮೇಲೆ ಅಚ್ಚಾಗುವ ಶ್ರೀಗಂಧ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅರೆ ಪರಾವಲಂಬಿ. ಮಣ್ಣಿನಡಿಯಲ್ಲಿ ಸದ್ದಿಲ್ಲದೆ ಬೇರು ಚಾಚಿ, ಅಕ್ಕಪಕ್ಕದ ಗಿಡದ ಬೇರಿಗೆ ತಗುಲಿಕೊಂಡು, ಅದರ ಸಾರ ಹೀರಿ ಮೇಲೇಳುತ್ತದೆ. ಮೇಲೆ ನೋಡಿದರೆ ಸಾತ್ವಿಕ, ಕೆಳಗೆ ನೋಡಿದರೆ ಪಕ್ಕದವನ ಅನ್ನ. ಹೀಗೆ ಬದುಕುವ ಶಾಂತಮೂರ್ತಿಗಳು ನಿಮಗೂ ಒಬ್ಬಿಬ್ಬರು ಗೊತ್ತಿರುತ್ತಾರೆ, ಹೆಸರು ಬೇಡ. ಸಾಲದ್ದಕ್ಕೆ ಈ ಮರಕ್ಕೆ ಸರ್ಕಾರಿ ರಕ್ಷಣೆ ಬೇರೆ. 1792ರಲ್ಲಿ ಟಿಪ್ಪು ಇದನ್ನು ರಾಜವೃಕ್ಷ ಮಾಡಿದ. ರಾಜರು ಹೋದರು, ಬ್ರಿಟಿಷರು ಹೋದರು, ಆದರೂ 2001ರಲ್ಲಿ ಕಾಯ್ದೆ ತಿದ್ದುವವರೆಗೆ ನಮ್ಮ ರಾಜ್ಯದಲ್ಲಿ ನಿಮ್ಮ ಹೊಲದಲ್ಲಿ ಹುಟ್ಟಿದ ಗಂಧದ ಮರ ನಿಮ್ಮದಾಗಿರಲಿಲ್ಲ. ಹಿತ್ತಿಲಲ್ಲಿ ತಾನಾಗಿ ಮೊಳೆತ ಸಸಿ ಕಂಡರೆ ರೈತ ಕೈಮುಗಿಯುತ್ತಿರಲಿಲ್ಲ, ಮುಂದಿನ ರಗಳೆ ಬೇಡವೆಂದು ಕಿತ್ತೆಸೆಯುತ್ತಿದ್ದ. ಅವನಿಗೂ ಪರಿಮಳದ ಜೊತೆ ಒಂದು ಸಂಬಂಧವಿತ್ತು. ಅದನ್ನು ಭಯ ಎನ್ನುತ್ತಾರೆ. ಪುರವಣಿಯ ಪಟ್ಟಿಯಲ್ಲಿ ಇದು ಬರುವುದಿಲ್ಲ.

ಇಂಥ ಪಟ್ಟಿ ಮಾಡುವ ಚಟ ಪಶ್ಚಿಮದಿಂದ ಬಂದದ್ದು ಎಂದು ಬೈಯುವ ಹಾಗೂ ಇಲ್ಲ. 'ರತಿರಹಸ್ಯ' ಬರೆದ ಕೊಕ್ಕೋಕ ಹೆಣ್ಣುಮಕ್ಕಳನ್ನು ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂದು ವಿಂಗಡಿಸಿ, ಪದ್ಮಿನಿಗೆ ತಾವರೆಯ ಕಂಪು, ಹಸ್ತಿನಿಗೆ ಆನೆಯ ಮದದ ವಾಸನೆ ಎಂದು ಬರೆದಿಟ್ಟ. ಅವನ ಪಟ್ಟಿಯಲ್ಲಿ ಗಂಡಸರ ವಾಸನೆಯ ವಿಚಾರ ಇಷ್ಟು ಮುತುವರ್ಜಿಯಿಂದ ಬರುವುದಿಲ್ಲ. ಬರೆದವನು ಗಂಡಸು, ತನ್ನ ವಾಸನೆ ತನಗೆ ಹೇಗೆ ತಿಳಿಯಬೇಕು? ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ.

ಹಾಗೆಂದು ನಮ್ಮ ಹಿಂದಿನವರೆಲ್ಲ ಹೀಗೇ ಇರಲಿಲ್ಲ. ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯ ಇಟ್ಟ. ಹದಿನಾರು ದ್ರವ್ಯಗಳನ್ನು ಮನೆಗಳಲ್ಲಿ ತುಂಬಿ, ನಾಲ್ಕು ನಾಲ್ಕಾಗಿ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ 1,74,720 ಪರಿಮಳ ಹುಟ್ಟುತ್ತವೆ ಎಂದು ಲೆಕ್ಕ ಕೊಟ್ಟ. ಅವನು ಗಣಿತಜ್ಞ, ಪರಿಮಳವನ್ನು ಗಣಿತವಾಗಿ ನೋಡಿದ. ಇಂದಿನ ಮಾರಾಟಗಾರನ ಕೈಗೆ ಆ ಸಂಖ್ಯೆ ಸಿಕ್ಕಿದ್ದರೆ 1,74,720 ವ್ಯಕ್ತಿತ್ವಗಳಿವೆ ಎಂದು ಜಾಹೀರಾತು ಹಾಕಿ ಜನಗಣತಿಯನ್ನೇ ಕೆಡಿಸಿಬಿಡುತ್ತಿದ್ದ. ಇನ್ನು ಕಲ್ಯಾಣದಿಂದ ಆಳಿದ ನಮ್ಮ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಅವನ 'ಮಾನಸೋಲ್ಲಾಸ'ದಲ್ಲಿ ಸ್ನಾನ, ತಾಂಬೂಲ, ವಿಲೇಪನ, ಧೂಪ ಎಲ್ಲವೂ ಭೋಗಗಳು. ಯಾವ ಋತುವಿಗೆ ಯಾವ ಲೇಪ ಎಂದು ವಿವರವಾಗಿ ಹೇಳುತ್ತಾನೆ. ಸೆಕೆಯಾದರೆ ಇದು, ಚಳಿಯಾದರೆ ಅದು. "ಮಹಾಸ್ವಾಮಿ, ತಮ್ಮ ಪರ್ಸನಾಲಿಟಿ ಯಾವ ಥರದ್ದು?" ಎಂದು ಕೇಳುವ ಧೈರ್ಯ ಆಸ್ಥಾನದಲ್ಲಿ ಯಾರಿಗೂ ಇದ್ದಂತಿಲ್ಲ. ರಾಜನಿಗೆ ವ್ಯಕ್ತಿತ್ವ ಸಾಬೀತುಪಡಿಸುವ ಅಗತ್ಯವಿರಲಿಲ್ಲ. ಅಗತ್ಯವಿರುವುದು ನಮಗೆ, ಮುಂದಿನ ಅಪ್ರೈಸಲ್ ಏಪ್ರಿಲ್‌ನಲ್ಲಿ ಇರುವವರಿಗೆ.

ಈ ಅಗತ್ಯವನ್ನು ಪ್ಯಾರಿಸ್ ಚೆನ್ನಾಗಿ ಅರ್ಥಮಾಡಿಕೊಂಡಿತು. ವಿಚಿತ್ರವೆಂದರೆ ಜಗತ್ತಿನ ಅತಿ ಪ್ರಸಿದ್ಧ ಸೆಂಟಿಗೆ ವ್ಯಕ್ತಿತ್ವವೇ ಇಲ್ಲ, ಇರುವುದು ರೋಲ್ ನಂಬರ್. 1921ರಲ್ಲಿ ಅರ್ನೆಸ್ಟ್ ಬೋ ಎಂಬ ಪರಿಮಳತಜ್ಞ ತಂದಿಟ್ಟ ಮಾದರಿಗಳಲ್ಲಿ ಐದನೆಯದನ್ನು ಕೊಕೊ ಶನೆಲ್ ಆರಿಸಿದಳು. ಅದು ಶನೆಲ್ ನಂಬರ್ 5 ಆಯಿತು. ಆಮೇಲೆ ಬಂದವರಿಗೆ ಅಂಕಿ ಸಾಲಲಿಲ್ಲ. 1977ರಲ್ಲಿ ಒಂದು ಸೆಂಟು ಓಪಿಯಂ ಎಂಬ ಹೆಸರಿನಲ್ಲಿ ಬಂತು, 1985ರಲ್ಲಿ ಇನ್ನೊಂದು ಪಾಯ್ಸನ್ ಎಂದು. ನಮ್ಮಲ್ಲಿ ಅಂಥ ಹೆಸರಿನ ಸೀಸೆಯ ಮೇಲೆ ತಲೆಬುರುಡೆ ಬರೆದು ಅಟ್ಟದ ಮೇಲಿಡುತ್ತಿದ್ದರು, ಅಲ್ಲಿ ಉಡುಗೊರೆ ಕಾಗದ ಸುತ್ತಿ ಹೆಂಡತಿಗೆ ಕೊಟ್ಟರು. 1990ರಲ್ಲಿ ಶನೆಲ್ ಕಂಪನಿ ಉಳಿದ ಸಂಕೋಚವನ್ನೂ ಬಿಟ್ಟು, ಸ್ವಾರ್ಥಿ ಎಂಬರ್ಥ ಬರುವಂತೆ 'ಇಗೋಯಿಸ್ತ್' ಎಂದೇ ಗಂಡಸರ ಸೆಂಟಿಗೆ ಹೆಸರಿಟ್ಟಿತು. ಅದರ ಜಾಹೀರಾತಿನಲ್ಲಿ ದೊಡ್ಡ ಹೋಟೆಲಿನ ಕಿಟಕಿಗಳನ್ನು ದಡದಡ ತೆರೆದು ಹೆಂಗಸರು ಒಬ್ಬೊಬ್ಬರಾಗಿ ಆ ಹೆಸರು ಹಿಡಿದು ಬೈಯುತ್ತಾರೆ. ಕೊನೆಗೆ ಗಂಡಸಿನ ಕೈಯೊಂದು ಹೊರಬಂದು ಸೀಸೆಯನ್ನು ಕಟಕಟೆಯ ಮೇಲಿಟ್ಟು ಹೋಗುತ್ತದೆ. ಮುಖ ತೋರಿಸುವುದಿಲ್ಲ. ಅಷ್ಟು ಜನ ಬೈದ ಮೇಲೆ ಯಾರು ತೋರಿಸುತ್ತಾರೆ? ಈ ಸ್ವಾರ್ಥಿಯ ಹೃದಯದಲ್ಲಿ ಇರುವ ಮುಖ್ಯ ಪರಿಮಳ ಯಾವುದು ಗೊತ್ತೇ? ಶ್ರೀಗಂಧ. ಧ್ಯಾನ, ವೈರಾಗ್ಯ, ಅಂತರಂಗಶುದ್ಧಿ.

ಈ ಸಾಲಿನಲ್ಲಿ ನನಗೆ ಅತಿ ಪ್ರಿಯವಾದದ್ದು 2015ರ ಸೊವಾಜ್. ಡಿಯೋರ್ ಕಂಪನಿಯದು. ಜಾಹೀರಾತಿನಲ್ಲಿ ಜಾನಿ ಡೆಪ್ ನಗರವನ್ನು ಧಿಕ್ಕರಿಸಿ, ರಾತ್ರಿ ಕಾರು ಹತ್ತಿ, ಮರುಭೂಮಿಗೆ ಹೋಗಿ, ಮಣ್ಣು ಅಗೆದು ಮೈಮೇಲಿನ ಸರ, ಬಳೆಗಳನ್ನು ಕಿತ್ತು ಹೂಳುತ್ತಾನೆ. ಕಟ್ಟುಪಾಡು ಕಡಿದುಕೊಂಡ ಒಂಟಿ ಸಲಗ! ಆ ಒಂಟಿತನ ಎಷ್ಟು ಜನಪ್ರಿಯವಾಯಿತೆಂದರೆ ಜಗತ್ತಿನಲ್ಲಿ ಅತಿ ಹೆಚ್ಚು ಖರ್ಚಾಗುವ ಸೆಂಟುಗಳಲ್ಲಿ ಅದೂ ಒಂದಾಯಿತು. ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ಬೆಳಗ್ಗೆ ಒಂದು ಲಿಫ್ಟ್ ಹತ್ತಿದರೆ ಕಡಿಮೆಯೆಂದರೂ ಮೂವರು ಒಂಟಿ ಸಲಗಗಳು ಒಂದೇ ವಾಸನೆ ಸೂಸುತ್ತಾ, ಕೊರಳಿಗೆ ಒಂದೇ ಬಣ್ಣದ ಐಡಿ ಕಾರ್ಡು ತೂಗುಹಾಕಿಕೊಂಡು, ಒಂದೇ ಮಹಡಿಯ ಗುಂಡಿ ಒತ್ತಲು ಕೈ ಚಾಚುತ್ತಿರುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ನಿಂತು ಬಂದ ಸಲಗಗಳು ಅವು. ಮರುಭೂಮಿಗೆ ಹೋಗಲು ರಜೆ ಬೇಕು, ರಜೆಗೆ ಮ್ಯಾನೇಜರ್ ಒಪ್ಪಬೇಕು. ಚಿನ್ನ ಹೂಳುವ ಮಾತಂತೂ ದೂರ, ಅದು ಈಗಾಗಲೇ ಬ್ಯಾಂಕಿನಲ್ಲಿ ಅಡವಿದೆ.

ಸೀಸೆಯೊಳಗಿನ ಪದಾರ್ಥಕ್ಕೇ ಸ್ವಭಾವ ಅಂಟಿಸುವುದಾದರೆ ಕಥೆ ಇನ್ನೂ ಕೆಡುತ್ತದೆ. ಹಿಂದೆ ಶ್ರೀಮಂತರು ಪ್ರಾಣ ಬಿಡುತ್ತಿದ್ದ ಅಂಬರ್ ತಿಮಿಂಗಿಲದ ಕರುಳಿನಲ್ಲಿ ಗಟ್ಟಿಯಾಗುವ ಸರಕು. ಪುನುಗು ಬೆಕ್ಕಿನ ಗ್ರಂಥಿಯಿಂದ ಬರುತ್ತದೆ, ಕಸ್ತೂರಿ ಜಿಂಕೆಯ ಗ್ರಂಥಿಯಿಂದ. ಮಲ್ಲಿಗೆಯ ಮತ್ತಿನಲ್ಲಿ ಇಂಡೋಲ್ ಎಂಬ ರಾಸಾಯನಿಕವಿದೆ, ಅದು ಮಲದಲ್ಲೂ ಇದೆ; ಕವಿಗಳಿಗೆ ಯಾರೂ ಹೇಳಲಿಲ್ಲ, ಒಳ್ಳೆಯದೇ ಆಯಿತು. 1888ರಲ್ಲಿ ಆಲ್ಬರ್ಟ್ ಬಾವರ್ ಎಂಬ ರಸಾಯನಶಾಸ್ತ್ರಜ್ಞ ಸಿಡಿಮದ್ದಿನ ಜಾತಿಯ ಪದಾರ್ಥಗಳೊಡನೆ ಒದ್ದಾಡುತ್ತಿದ್ದಾಗ ಕೃತಕ ಕಸ್ತೂರಿ ಕೈಗೆ ಹತ್ತಿತು. ಬಾಂಬು ಮಾಡಲು ಹೊರಟವನು ಬೀಗರ ಔತಣಕ್ಕೆ ಸೆಂಟು ಮಾಡಿಟ್ಟ. ಇದರಲ್ಲಿ ಯಾವುದು ಯಾರ ವ್ಯಕ್ತಿತ್ವ? "ನೀವು ತಿಮಿಂಗಿಲದ ಕರುಳಿನಂಥವರು ಸರ್" ಎಂದು ಕೌಂಟರಿನ ಹುಡುಗ ಹೇಳಿದ ದಿನ ನಾನು ಹದಿನಾಲ್ಕು ಸಾವಿರ ಎಣಿಸುತ್ತೇನೆ.

ಪರಿಮಳ ಮತ್ತು ವ್ಯಕ್ತಿತ್ವದ ವಿಚಾರದಲ್ಲಿ ಕೊನೆಯ ಮಾತು ಹೇಳಿದ್ದು ಮಹಾಭಾರತ. ಯಮುನೆಯಲ್ಲಿ ದೋಣಿ ನಡೆಸುವ ಹುಡುಗಿ ಸತ್ಯವತಿ. ಮೈಯಿಂದ ಮೀನಿನ ವಾಸನೆ, ಆದ್ದರಿಂದ ಮತ್ಸ್ಯಗಂಧಿ. ಪರಾಶರ ಮುನಿ ವರ ಕೊಟ್ಟ, ಯೋಜನಗಂಧಿಯಾದಳು. ಒಂದು ಯೋಜನ ದೂರಕ್ಕೆ ಘಮ. ಅಂದರೆ ಈಗಿನ ಲೆಕ್ಕದಲ್ಲಿ ಹತ್ತು ಹನ್ನೆರಡು ಕಿಲೋಮೀಟರ್. ಅವಳು ಮೆಜೆಸ್ಟಿಕ್ಕಿನಲ್ಲಿ ನಿಂತರೆ ಹೊಸೂರು ರಸ್ತೆಯವರಿಗೆ ಗೊತ್ತಾಗುತ್ತಿತ್ತು. ಫ್ರಾನ್ಸಿನ ಯಾವ ಕಂಪನಿಯೂ ಇಲ್ಲಿಯವರೆಗೆ ಇಷ್ಟು ಭರವಸೆ ಕೊಟ್ಟಿಲ್ಲ. ಶಂತನು ಮಹಾರಾಜ ಆ ಘಮದ ಜಾಡು ಹಿಡಿದು ನದೀತೀರಕ್ಕೆ ಬಂದ. ಹುಡುಗಿ ಅದೇ ಹುಡುಗಿ, ಅದೇ ದೋಣಿ, ಅದೇ ಹುಟ್ಟು, ಅದೇ ಬುದ್ಧಿ. ಮೀನಿನ ವಾಸನೆ ಇದ್ದಾಗ ಯಾವ ರಾಜನ ರಥವೂ ಆ ದಿಕ್ಕಿಗೆ ತಿರುಗಲಿಲ್ಲ. ಪರಿಮಳದಿಂದ ಬಯಲಾಗಿದ್ದು ಅವಳ ವ್ಯಕ್ತಿತ್ವವಲ್ಲ, ಮಹಾರಾಜರದು. ಮುಂದಿನದು ನಿಮಗೆ ಗೊತ್ತು. ಮಾವ ಷರತ್ತು ಹಾಕಿದ, ಮಗ ಮದುವೆಯನ್ನೇ ತೊರೆದು ಭೀಷ್ಮನಾದ, ಹಸ್ತಿನಾವತಿಗೆ ಸರಿಯಾದ ವಾರಸುದಾರ ಸಿಗದೆ ಸಂಗತಿ ಹದಿನೆಂಟು ಅಕ್ಷೋಹಿಣಿಗೆ ಮುಟ್ಟಿತು. ಸೆಂಟಿನ ಡಬ್ಬಿಯ ಮೇಲೆ ಎಚ್ಚರಿಕೆ ಮುದ್ರಿಸುವುದಾದರೆ ಆ ಕುಲದ ವಂಶವೃಕ್ಷವನ್ನೇ ಮುದ್ರಿಸಬಹುದು.

ಈಗ ಕೊಕ್ಕೋಕನ ಹತ್ತಿರ ಬಿಟ್ಟ ಮಾತಿಗೆ ಬರೋಣ. ಯಾವುದೇ ವಾಸನೆಯನ್ನು ಕೆಲವು ನಿಮಿಷ ಸತತವಾಗಿ ಮೂಸಿದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಹೊಸ ವಾಸನೆಗಳಿಗೆ ಜಾಗ ಬೇಕು, ಹಳೆಯದಕ್ಕೆ ರಜೆ. ಇದು ಎಲ್ಲರ ಮೂಗಿನ ಕಾನೂನು. ಆದ್ದರಿಂದ ತಾನು ಹಾಕಿಕೊಂಡ ಸೆಂಟು ಊರಿಗೆಲ್ಲ ಗೊತ್ತಿದ್ದರೂ ಹಾಕಿಕೊಂಡವನಿಗೆ ಗೊತ್ತಾಗುವುದಿಲ್ಲ. "ಏನೋ ಇವತ್ತು ವಾಸನೇನೇ ಇಲ್ವಲ್ಲ" ಎಂದು ಇನ್ನೆರಡು ಸಲ ಒತ್ತುತ್ತಾನೆ. ಮನುಷ್ಯನ ಸ್ವಭಾವ ತಿಳಿಯಬೇಕಾದರೆ ನೋಡಬೇಕಾದ್ದು ಇಲ್ಲಿ. ಯಾವ ಸೀಸೆ ಎನ್ನುವುದು ಮಾರುವವನ ವಿಷಯ, ಎಷ್ಟು ಸಲ ಒತ್ತಿದ ಎನ್ನುವುದು ಒತ್ತಿದವನ ವಿಷಯ.

ಲಿಫ್ಟಿಗೇ ವಾಪಸು ಬನ್ನಿ. ಒಬ್ಬ ಮಹಾನುಭಾವ ಒಳಗೆ ಬರುವ ಮೊದಲೇ ಅವನ ಘಮ ಬಂದಿರುತ್ತದೆ, ಅವನು ನಾಲ್ಕನೇ ಮಹಡಿಯಲ್ಲಿ ಇಳಿದ ಮೇಲೂ ಒಂಬತ್ತರವರೆಗೆ ಜೊತೆಗಿರುತ್ತದೆ. ಇವನೇ ಸಭೆಯಲ್ಲಿ ಇನ್ನೊಬ್ಬರ ಮಾತು ಅರ್ಧಕ್ಕೆ ತಡೆಯುವವನು, ಸ್ಪೀಕರ್ ಹಾಕಿ ಫೋನಿನಲ್ಲಿ ಮಾತಾಡುವವನು, ಗಾಡಿಯನ್ನು ಎರಡು ಗಾಡಿಯ ಜಾಗದಲ್ಲಿ ನಿಲ್ಲಿಸುವವನು. ಮುಖ ನೋಡದೆಯೇ ಹೇಳಬಹುದು. ಕಲ್ಯಾಣ ಮಂಟಪಕ್ಕೆ ಹೋದರೆ ಬಾಗಿಲಲ್ಲಿ ಪುಟ್ಟ ಹುಡುಗಿ ಬೆಳ್ಳಿಯ ದಾನಿಯಿಂದ ಪನ್ನೀರು ಚಿಮುಕಿಸುತ್ತಾಳೆ. ನಾಲ್ಕು ಹನಿ, ಕರವಸ್ತ್ರಕ್ಕೂ ಸಾಲದು. ಊಟದ ಪಂಕ್ತಿಯಲ್ಲಿ ಎಡಗಡೆ ಕೂತ ಗಂಡಿನ ಚಿಕ್ಕಪ್ಪನವರು ಅರಬ್ ದೇಶದಿಂದ ಮಗ ತಂದ ಊದ್ ಪೂಸಿಕೊಂಡಿರುತ್ತಾರೆ. ಬಾಳೆಲೆಯ ತುದಿಗೆ ಕೋಸಂಬರಿ ಬೀಳುತ್ತದೆ, ಊದ್ ವಾಸನೆ. ಹುಳಿ ಬರುತ್ತದೆ, ಊದ್ ವಾಸನೆ. ಒಬ್ಬಟ್ಟಿನ ಮೇಲೆ ತುಪ್ಪ ಬಡಿಸುವಾಗಲಾದರೂ ಎಂದು ಆಸೆಯಿಂದ ಬಗ್ಗಿದರೆ ಅಲ್ಲೂ ಚಿಕ್ಕಪ್ಪನವರೇ. ಅಡಿಗೆ ಭಟ್ಟರು ಬೆಳಗಿನ ಜಾವದಿಂದ ಒಲೆ ಮುಂದೆ ನಿಂತು ಮಾಡಿದ್ದನ್ನು ಒಂದು ಸೀಸೆ ನುಂಗಿ ಹಾಕುತ್ತದೆ. ಅಂದಹಾಗೆ ಊದ್ ಎಂದರೆ ಅಗರು. ಬೂಷ್ಟು ತಗುಲಿ ರೋಗ ಹತ್ತಿದ ಮರ ತನ್ನನ್ನು ಉಳಿಸಿಕೊಳ್ಳಲು ಸುರಿಸಿಕೊಂಡ ರಾಳ. ಮರಕ್ಕೆ ಕಾಯಿಲೆ, ಪಂಕ್ತಿಯಲ್ಲಿದ್ದವರಿಗೆ ಶಿಕ್ಷೆ.

ಶಿವಾಜಿನಗರದ ಕಡೆ ಹಳೆಯ ಅತ್ತರಿನ ವ್ಯಾಪಾರಿಗಳ ರೀತಿಯೇ ಬೇರೆ. ಗಾಜಿನ ಕಡ್ಡಿಯ ತುದಿಯಿಂದ ಒಂದು ಚುಕ್ಕೆಯನ್ನು ಮುಂಗೈ ಮೇಲೆ ಎಳೆದು ಸುಮ್ಮನಾಗುತ್ತಾರೆ. ನಿಮ್ಮ ಪರ್ಸನಾಲಿಟಿಯ ಗೊಡವೆ ಅವರಿಗಿಲ್ಲ. ಹತ್ತಿಯ ಸಣ್ಣ ಉಂಡೆಗೆ ಸೋಕಿಸಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಂಡರೆ ಮುಗಿಯಿತು. ತಬ್ಬಿಕೊಳ್ಳುವಷ್ಟು ಹತ್ತಿರ ಬಂದವರಿಗೆ ಮಾತ್ರ ಗೊತ್ತಾಗುವ ಪರಿಮಳ ಅದು. ಮಾರುಕಟ್ಟೆಗೆ ಇಂಥದ್ದು ಹಿಡಿಸುವುದಿಲ್ಲ, ಸೀಸೆ ಬೇಗ ಖಾಲಿಯಾಗುವುದಿಲ್ಲವಲ್ಲ.

ವ್ಯಕ್ತಿಗಳ ವಿಚಾರ ಹೀಗಾದರೆ ರಾಜ್ಯದ್ದು ಹೇಗೆ? ಮೊದಲ ಮಹಾಯುದ್ಧದಿಂದ ಗಂಧದ ಕೊರಡು ವಿದೇಶಕ್ಕೆ ಹೋಗುವುದು ನಿಂತು ರಾಶಿ ಬಿದ್ದಾಗ, ನಾಲ್ವಡಿಯವರ ಕಾಲದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆ ಶುರುವಾಯಿತು. ಲಂಡನ್ನಿಗೆ ಕಳಿಸಿ ಕಲಿಸಿ ಕರೆತಂದ ಗರಳಪುರಿ ಶಾಸ್ತ್ರಿಗಳು ಸಾಬೂನು ಮಾಡಿದರು; ಜನ ಅವರನ್ನು ಸೋಪ್ ಶಾಸ್ತ್ರಿಗಳೆಂದೇ ಕರೆದರು. ಮಾರಲಾಗದೆ ಉಳಿದ ಕಟ್ಟಿಗೆಯಿಂದ ಹುಟ್ಟಿದ ಆ ಸಾಬೂನಿಗೆ ಯಾವ ವ್ಯಕ್ತಿತ್ವವನ್ನೂ ಯಾರೂ ಹಚ್ಚಿರಲಿಲ್ಲ. ಖಾಲಿ ಡಬ್ಬಿಯನ್ನೂ ಎಸೆಯದೆ ಸೀರೆಗಳ ನಡುವೆ ಇಟ್ಟ ಹೆಂಗಸರು ನೂರು ವರ್ಷ ಅದರ ರಾಯಭಾರ ನಡೆಸಿದರು, ಸಂಭಾವನೆ ಕೇಳಲಿಲ್ಲ. 2025ರಲ್ಲಿ ಸರ್ಕಾರಕ್ಕೆ ಇದು ಸಾಲದೆನಿಸಿತು. ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ನಟಿ ತಮನ್ನಾ ಭಾಟಿಯಾ ಅವರನ್ನು ರಾಯಭಾರಿ ಮಾಡಿತು. ಕನ್ನಡದ ನಟಿಯರು ಇರಲಿಲ್ಲವೇ ಎಂದು ಗಲಾಟೆ, ಹೊರರಾಜ್ಯದ ಮಾರುಕಟ್ಟೆಗೆ ಬೇಕಾಗಿತ್ತು ಎಂದು ಸಮಜಾಯಿಷಿ. ನಟಿಯ ತಪ್ಪೇನೂ ಇಲ್ಲ. ತನ್ನ ಘಮದ ಬಗ್ಗೆ ತನಗೇ ಅನುಮಾನ ಬಂದು ಇನ್ನೆರಡು ಸಲ ಒತ್ತುವ ಮನುಷ್ಯನ ಕಥೆಯೇ ಸರ್ಕಾರದ್ದೂ.

ಆದ್ದರಿಂದ ಓದುಗ ಮಹಾಶಯರಲ್ಲಿ ಒಂದು ಬಿನ್ನಹ. ನಿಮಗೆ ಬೇಕಾದ ಸೆಂಟು ಕೊಳ್ಳಿ. ಸ್ವಾರ್ಥಿ, ವಿಷ, ಒಂಟಿ ಸಲಗ, ಯಾವ ಹೆಸರಿನದ್ದಾದರೂ ಸರಿ, ನಿಮ್ಮ ದುಡ್ಡು. ಎರಡು ಸಲ ಒತ್ತಿ. ಮೂರನೆಯದಕ್ಕೆ ಬೆರಳು ಏಳುವಾಗ ದಯವಿಟ್ಟು ಮನೆಯವರನ್ನು ಕರೆದು ಕೇಳಿ, ಆ ಹೊತ್ತಿಗೆ ನಿಮ್ಮ ಮೂಗು ರಜೆಯ ಮೇಲೆ ಹೋಗಿರುತ್ತದೆ. ಮದುವೆ ಊಟವಿರುವ ದಿನ ಸೀಸೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಒಬ್ಬಟ್ಟಿಗೆ ತುಪ್ಪ ಸಾಕು.